ಫೆರ್ಮಿನ್ ಹೇಳಿದ ಒಂದೇ ಒಂದು ಸುಳ್ಳು

ನಮ್ಮ ದ್ವೀಪದ ಒರೊತಾವ ಕಣಿವೆಯ ಮೇಲಿನ ಊರುಗಳಲ್ಲಿ ಪಾದ್ರಿ ಕಾಲಿಡದ ಮನೆಯಾದರೂ ಇದ್ದೀತು, ಫೆರ್ಮಿನ್ ಕಾಲಿಡದ ಮನೆ ಇರಲಿಲ್ಲ. ಅವನು ಗ್ಯಾಸ್ ಸಿಲಿಂಡರ್ ಹಾಕುವವನು. ಇಪ್ಪತ್ತೆಂಟು ವರ್ಷದಿಂದ ಅದೇ ಲಾರಿ, ಅದೇ ಕಿತ್ತಳೆ ಬಣ್ಣದ ಸಿಲಿಂಡರು, ಅದೇ ಎಡಭುಜ. ತಿರುವು ಬಂದಲ್ಲಿ ಲಾರಿ ನಿಲ್ಲಿಸಿ ಸ್ಪ್ಯಾನರ್‌ನಿಂದ ಸಿಲಿಂಡರಿಗೆ ನಾಲ್ಕು ಬಾರಿಸಿದನೆಂದರೆ, ಬೀದಿಯ ಹೆಂಗಸರೆಲ್ಲ ಖಾಲಿ ಸಿಲಿಂಡರ್ ಉರುಳಿಸಿಕೊಂಡು ಬಾಗಿಲಿಗೆ ಬರುತ್ತಿದ್ದರು. ಯಾರ ಒಲೆಯ ಮೇಲೆ ಏನು ಬೇಯುತ್ತಿದೆ, ಯಾವ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವನಿಗೆ ಗೊತ್ತು. ಆದರೆ ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ದಾಟಿಸಿದವನಲ್ಲ. ಐವತ್ತೆರಡರ ತನಕ ಒಂದು ಹಲ್ಲನ್ನೂ ಉದುರಿಸಿಕೊಳ್ಳದೆ ಬದುಕಿದ್ದಕ್ಕೆ ಅದೇ ಕಾರಣ.

ವೈನಿನ ವಿಷಯ ಬಂದರೆ ಮಾತ್ರ ಆ ಬಾಯಿಗೆ ಬೀಗ ಇರಲಿಲ್ಲ.

ನಮ್ಮ ಕಡೆ ಎಂಥ ಬಡವನಿಗೂ ಒಂದು ತುಂಡು ಕಪ್ಪು ನೆಲ, ನಾಲ್ಕು ದ್ರಾಕ್ಷಿ ಬಳ್ಳಿ, ಒಂದು ಪೀಪಾಯಿ ಇರುತ್ತದೆ. ಜ್ವಾಲಾಮುಖಿ ಯಾವ ಕಾಲದಲ್ಲೋ ಉಗುಳಿ ಹೋದ ಬೂದಿಯ ಮೇಲೆ ಇಷ್ಟಾದರೂ ಬೆಳೆಯುತ್ತದಲ್ಲ ಎಂಬ ಗರ್ವ ಎಲ್ಲರಿಗೂ ಉಂಟು. ನವೆಂಬರ್ ಕೊನೆಗೆ, ಸಂತ ಅಂದ್ರೇಸನ ಹಬ್ಬದ ದಿನ, ಹೊಸ ಕೆಂಪು ವೈನಿನ ಪೀಪಾಯಿ ತೆರೆಯುತ್ತಾರೆ. ಆ ವಾರವೆಲ್ಲ ಪ್ರತಿ ಬಾಗಿಲಲ್ಲೂ ಫೆರ್ಮಿನ್‌ಗೆ ಒಂದು ಗುಟುಕು. ಲಾರಿ ಓಡಿಸಬೇಕಲ್ಲ, ಹಾಗಾಗಿ ಬಾಯಲ್ಲಿ ಆಡಿಸಿ ಅಂಗಳದ ಮೂಲೆಗೆ ಉಗುಳುತ್ತಿದ್ದ. ಆಮೇಲೆ ಮೂರೇ ತೀರ್ಪು. ಒಂದು, "ಕುಡೀಬಹುದು." ಇನ್ನೊಂದು, "ಅಡುಗೆಗಾಗತ್ತೆ." ಮೂರನೆಯದಕ್ಕೆ ಮಾತೇ ಇಲ್ಲ, ಖಾಲಿ ಸಿಲಿಂಡರ್ ಹೆಗಲಿಗೇರಿಸಿ ಹೊರಟುಬಿಡುವುದು. ಸ್ವಂತ ಅಕ್ಕನ ಗಂಡನಿಗೆ ಎರಡು ವರ್ಷ ಆ ಮೂರನೆಯ ತೀರ್ಪು ಕೊಟ್ಟು ಎರಡು ಕ್ರಿಸ್‌ಮಸ್ ಊಟ ಕಳೆದುಕೊಂಡಿದ್ದ. ಪಾದ್ರಿಯ ವೈನನ್ನು ವಿನೆಗರ್ ಹಾಗೆ ಹಸಿ ಸೊಪ್ಪಿನ ಮೇಲೆ ಚಿಮುಕಿಸಿಕೊಂಡರೆ ರುಚಿ ಎಂದು ಪಾದ್ರಿಯ ಮುಖಕ್ಕೇ ಹೇಳಿದ್ದ. ಪಾದ್ರಿ ಎರಡು ದಿನ ಮುಖ ಊದಿಸಿಕೊಂಡಿದ್ದರು, ಮೂರನೆಯ ದಿನದಿಂದ ಸೊಪ್ಪಿನ ಮೇಲೆ ಚಿಮುಕಿಸಿಕೊಂಡರು. ಹೀಗಾಗಿ ಫೆರ್ಮಿನ್ ಒಂದು ವೈನನ್ನು ಕುಡಿಯಬಹುದು ಎಂದರೆ, ಮಧ್ಯಾಹ್ನದೊಳಗೆ ಆ ಮನೆಯ ಮುಂದೆ ಕಾರು ನಿಲ್ಲಿಸಲು ಜಾಗ ಇರುತ್ತಿರಲಿಲ್ಲ.

ಇಂಥವನ ನಾಲಿಗೆ ಕಟ್ಟಿಹೋಗುವ ಜಾಗವೊಂದಿತ್ತು. ಅದು ಒತೀಲಿಯಾಳ ಗ್ಯಾರೇಜು.

ಒತೀಲಿಯಾ ಗಂಡ ತೀರಿಕೊಂಡು ಏಳು ವರ್ಷವಾದ ಹೆಂಗಸು. ಫೆರ್ಮಿನ್‌ಗಿಂತ ಎರಡು ವರ್ಷ ಚಿಕ್ಕವಳು. ಎತ್ತರದ ಆಳು, ದಪ್ಪ ಕೈ, ಕಡಿಮೆ ಮಾತು. ಗಂಡ ಬಿಟ್ಟುಹೋದದ್ದು ಮೇಲಿನ ಇಳಿಜಾರಿನ ದ್ರಾಕ್ಷಿ ತೋಟ ಮತ್ತು ಅವನ ತಾಯಿ ಮಾರ್ಸಿಯಾನಾ. ಅತ್ತೆಗೆ ಎಂಬತ್ತನಾಲ್ಕು. ಸೊಸೆ ಆಡದೆ ಉಳಿಸಿದ ಮಾತನ್ನೆಲ್ಲ ಅತ್ತೆ ಆಡಿ ಮುಗಿಸುತ್ತಿದ್ದಳು. ಹಬ್ಬ ಕಳೆದ ಮಾರನೆಯ ದಿನ ಇಬ್ಬರೂ ಸೇರಿ ಗ್ಯಾರೇಜು ಗುಡಿಸಿ, ಆರು ಮೇಜು ಹಾಕಿ, ರಟ್ಟಿನ ಮೇಲೆ "ವೈನ್ ಇದೆ" ಎಂದು ಬರೆದು ರಸ್ತೆಗೆ ತೂಗುಹಾಕುತ್ತಿದ್ದರು. ನಮ್ಮಲ್ಲಿ ಇದಕ್ಕೆ ಗ್ವಾಚಿಂಚೆ ಎನ್ನುತ್ತೇವೆ. ಹೋಟೆಲು ಅಂದರೆ ಬೈಸಿಕೊಳ್ಳಬೇಕಾಗುತ್ತದೆ. ಮನೆಯ ವೈನು ಖರ್ಚಾಗಲಿ ಎಂದು ಜೊತೆಗೆ ಮೂರು ಬಗೆ ಅಡುಗೆ: ಹಂದಿಮಾಂಸ ಹಾಕಿದ ಕಡಲೆಕಾಳು, ಮೊಲದ ಪಲ್ಯ, ಉಪ್ಪುನೀರಲ್ಲಿ ಬೆಂದು ಸುಕ್ಕಾದ ಪುಟ್ಟ ಆಲೂಗೆಡ್ಡೆ, ಅದರ ಮೇಲೆ ಬೆಳ್ಳುಳ್ಳಿ ಖಾರ. ವೈನು ಮುಗಿದ ದಿನ ರಟ್ಟು ಇಳಿಸಬೇಕು, ಬಾಗಿಲು ಹಾಕಬೇಕು. ಬೇರೆಯವರ ವೈನು ತಂದು ಸುರಿದು ಮಾರುವುದು ಮರ್ಯಾದಸ್ಥರ ಕೆಲಸವಲ್ಲ.

ಇದರಲ್ಲಿ ಒಂದು ಅನ್ಯಾಯವೂ ಇದೆ. ವೈನು ಚೆನ್ನಾಗಿದ್ದಷ್ಟೂ ಬೇಗ ಮುಗಿಯುತ್ತದೆ, ಬೇಗ ಬಾಗಿಲು ಬೀಳುತ್ತದೆ. ಒತೀಲಿಯಾಳದು ಯಾವ ವರ್ಷವೂ ಜನವರಿ ದಾಟಿದ್ದಿಲ್ಲ. ಅದೇ ರಸ್ತೆಯ ಕೆಳಗೆ ಚಾನೊ ಎಂಬ ಸದಾ ಹಲ್ಲು ಕಿರಿಯುವ ಮನುಷ್ಯನ ಗ್ವಾಚಿಂಚೆ ಇತ್ತು. ಅವನ ವೈನು ಎಷ್ಟು ಹುಳಿಯೆಂದರೆ ಜೂನ್ ತಿಂಗಳವರೆಗೂ ಬಾಗಿಲು ತೆರೆದೇ ಇರುತ್ತಿತ್ತು. ಬಾಗಿಲು ತೆರೆದಿದ್ದರೆ ಜನ ಹೋಗುತ್ತಾರೆ, ಜನ ಹೋದರೆ ಚಾನೊ ದೊಡ್ಡ ಮನುಷ್ಯನಾಗುತ್ತಾನೆ.

ಫೆರ್ಮಿನ್ ಆರು ವರ್ಷದಿಂದ ಒತೀಲಿಯಾಳ ಗ್ಯಾರೇಜಿನಲ್ಲಿ ಮಧ್ಯಾಹ್ನದ ಊಟ ಮಾಡುತ್ತಿದ್ದ. ಬಾಗಿಲ ಪಕ್ಕದ ಮೇಜು, ಒಂದು ತಟ್ಟೆ ಕಡಲೆಕಾಳು, ಒಂದೇ ಲೋಟ ವೈನು. ಕಡಲೆಕಾಳೆಂದರೆ ಅವನಿಗೆ ಅಷ್ಟಕ್ಕಷ್ಟೆ. ಅವನಿಗೆ ಬೇಕಾಗಿದ್ದವಳು ಒತೀಲಿಯಾ. ಆರು ವರ್ಷದಿಂದ ಅದನ್ನು ಹೇಳಬೇಕೆಂದು ಬರುತ್ತಿದ್ದ, ಆರು ವರ್ಷದಿಂದ ಹೇಳದೆ ಹೋಗುತ್ತಿದ್ದ. ಮೊದಲ ವರ್ಷ ಜನವರಿ ಆರರ ಮೂರು ರಾಜರ ಹಬ್ಬದ ದಿನ ಹೇಳೋಣವೆಂದು ಗಟ್ಟಿ ಮನಸ್ಸು ಮಾಡಿದ. ಹಬ್ಬಕ್ಕೆ ಎರಡು ದಿನ ಮುಂಚೆ ಪೀಪಾಯಿ ಬರಿದಾಯಿತು. ಇನ್ನೊಂದು ವರ್ಷ ಲಾರಿಯ ಸ್ಟೀರಿಂಗ್ ಎದುರಿಗೆ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದ, ಎದ್ದು ಅವಳ ಹತ್ತಿರದವರೆಗೂ ಹೋದ, ಅವಳು ತಿರುಗಿ ನೋಡಿದಾಗ ಇನ್ನೊಂದು ಚೂರು ಬ್ರೆಡ್ ಕೇಳಿದ. ಆ ಬ್ರೆಡ್ಡನ್ನು ತಿನ್ನಲಾಗದೆ ಜೇಬಿನಲ್ಲಿಟ್ಟುಕೊಂಡು ಹೋದ.

ಬಾಗಿಲು ಹಾಕಿದ ಮೇಲೆ ಮನೆಗೇ ಹೋಗಿ ಹೇಳಬಾರದೇ ಎನ್ನುವವರು ನಮ್ಮ ಬೀದಿಯನ್ನು ನೋಡಿಲ್ಲ. ಒಂಟಿ ಗಂಡಸು ವಿಧವೆಯ ಮನೆಯ ಮೆಟ್ಟಿಲು ಹತ್ತಿದರೆ, ಅವನು ಇಳಿಯುವಷ್ಟರಲ್ಲಿ ಸಮುದ್ರದಂಡೆಯ ಊರಿನವರಿಗೂ ಗೊತ್ತಾಗಿರುತ್ತದೆ. ಸಿಲಿಂಡರ್ ಹೊತ್ತು ಹೋದರೆ ಬಾಗಿಲು ತೆರೆಯುವವಳು ಮಾರ್ಸಿಯಾನಾ, ಸೊಸೆ ತೋಟದಲ್ಲಿರುತ್ತಾಳೆ. ಹೀಗೆ ಬಾಗಿಲು ಬಿದ್ದರೆ ಫೆರ್ಮಿನ್‌ಗೆ ಹತ್ತು ತಿಂಗಳ ವನವಾಸ.

ಈ ಕಥೆಯ ವರ್ಷ ಆಗಸ್ಟಿನಲ್ಲಿ ಸಹಾರಾ ಕಡೆಯ ಬಿಸಿಗಾಳಿ ಐದು ದಿನ ಬೀಸಿತು. ಕಣಿವೆಯಲ್ಲೆಲ್ಲ ಅರ್ಧ ಬೆಳೆ ಬಳ್ಳಿಯಲ್ಲೇ ಒಣಗಿತು. ಒತೀಲಿಯಾಳಿಗೆ ನಾಲ್ಕು ಪೀಪಾಯಿ ಬರುವಲ್ಲಿ ಬಂದದ್ದು ಎರಡು. ಹಬ್ಬದ ಮಾರನೆಯ ದಿನ ಮಧ್ಯಾಹ್ನ ಫೆರ್ಮಿನ್ ತನ್ನ ಮೇಜಿಗೆ ಕೂತ, ಅವಳು ಲೋಟ ತಂದಿಟ್ಟಳು, ಅವನು ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಇಪ್ಪತ್ತೆಂಟು ವರ್ಷದಲ್ಲಿ ಅಂಥ ವೈನನ್ನು ಅವನು ಕುಡಿದಿರಲಿಲ್ಲ. ಮೆಣಸಿನ ಚುರುಕು, ಹಿಂದಿನಿಂದ ಆರಿದ ಒಲೆಯ ಹೊಗೆ, ಕೊನೆಗೆ ಬಹಳ ಹೊತ್ತು ಉಳಿಯುವ ಒಂದು ಒಗರು ಸಿಹಿ. ತೀರ್ಪಿನ ಮೊದಲ ಗುಟುಕನ್ನು ಉಗುಳಬೇಕೆಂಬುದನ್ನು ಮರೆತು ನುಂಗಿಬಿಟ್ಟ.

ಮರುಕ್ಷಣವೇ ಲೆಕ್ಕ ಹಾಕಿದ. ಎರಡೇ ಪೀಪಾಯಿ, ಅದರಲ್ಲೂ ಇಂಥ ವೈನು. ಊರಿಗೆ ಗೊತ್ತಾದರೆ ಎರಡು ವಾರ ಕೂಡ ಬಾರದು. ಕ್ರಿಸ್‌ಮಸ್ಸಿಗೆ ಮುಂಚೆಯೇ ರಟ್ಟು ಕೆಳಗಿಳಿಯುತ್ತದೆ.

ಅದೇ ಯೋಚನೆಯಲ್ಲಿ ಲಾರಿ ಹತ್ತಿ ತಿರುವಿನ ಮನೆಯ ಮುಂದೆ ನಿಲ್ಲಿಸಿದ. ಆ ಮನೆಯಾಕೆ ಖಾಲಿ ಸಿಲಿಂಡರ್ ಕೊಡುತ್ತಾ, ಒತೀಲಿಯಾಳ ವೈನು ಈ ಸಲ ಹೇಗಿದೆ ಎಂದು ಕೇಳಿದಳು. ಅಕ್ಕನ ಗಂಡನಿಗೆ ಹೆದರದ, ಪಾದ್ರಿಗೆ ಹೆದರದ ಆ ನಾಲಿಗೆ ತಾನಾಗಿಯೇ ಹೊರಳಿತು.

"ಈ ಸಲ ಅಡುಗೆಗಾಗತ್ತೆ," ಅಂದ.

ಅಷ್ಟೇ ಮಾತು. ಸಂಜೆಯೊಳಗೆ ಅದು ಕಣಿವೆಯನ್ನು ಸುತ್ತಿ ಬಂದಿತ್ತು.

ಮಾರನೆಯ ದಿನ ಆರು ಮೇಜಿನಲ್ಲಿ ಮೂರು ಖಾಲಿ. ಫೆರ್ಮಿನ್‌ಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಈ ಲೆಕ್ಕದಲ್ಲಿ ಪೀಪಾಯಿ ಈಸ್ಟರ್‌ವರೆಗೂ ಬರುತ್ತದೆ, ಅಷ್ಟರಲ್ಲಿ ಎಂಥ ಪುಕ್ಕಲನಿಗೂ ಬಾಯಿ ಬಂದೀತು ಅಂದುಕೊಂಡ. ಒಂದು ವಾರ ಕಳೆಯುವಷ್ಟರಲ್ಲಿ ಬರುವವರು ಇಬ್ಬರೋ ಮೂವರೋ. ಬಂದವರೂ ಒಂದು ಗುಟುಕು ಕುಡಿದು ಮುಖ ಕಿವುಚುತ್ತಿದ್ದರು. ಫೆರ್ಮಿನ್ ಚೆನ್ನಾಗಿಲ್ಲ ಎಂದ ವೈನನ್ನು ಮುಖ ಕಿವುಚದೆ ಕುಡಿಯುವ ಧೈರ್ಯ ನಮ್ಮೂರಲ್ಲಿ ಯಾರಿಗಿದೆ? ಕೆಳಗೆ ಚಾನೊನ ಅಂಗಡಿಯಲ್ಲಿ ಮಾತ್ರ ನಿಲ್ಲಲೂ ಜಾಗವಿರಲಿಲ್ಲ.

ಎರಡನೆಯ ವಾರದ ಗುರುವಾರ ಗ್ಯಾರೇಜಿನಲ್ಲಿ ಫೆರ್ಮಿನ್ ಒಬ್ಬನೇ. ಮೂಲೆಯಲ್ಲಿ ಮಾರ್ಸಿಯಾನಾ ಕೂತು ಯಾರಿಗೂ ಬೇಡದ ಆಲೂಗೆಡ್ಡೆಯನ್ನು ಆರಿಸುತ್ತಿದ್ದಳು. ಒತೀಲಿಯಾ ಕೈ ಒರೆಸಿಕೊಂಡು ಬಂದು, ಆರು ವರ್ಷದಲ್ಲಿ ಮೊದಲ ಬಾರಿಗೆ ಅವನ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಫೆರ್ಮಿನ್ ಕೈಯಲ್ಲಿದ್ದ ಚಮಚ ಕೆಳಗಿಟ್ಟ. ಇಂಥದೊಂದು ಘಳಿಗೆಗಾಗಿಯೇ ಅವನು ಇಷ್ಟು ವರ್ಷ ಕಾದದ್ದು.

"ಫೆರ್ಮಿನ್, ನೀವು ಸುಳ್ಳು ಹೇಳೋರಲ್ಲ," ಅಂದಳು. "ನನ್ನ ವೈನಿಗೆ ಏನಾಗಿದೆ, ಹೇಳಿ."

"ಏನೂ ಆಗಿಲ್ಲ. ಚೆನ್ನಾಗಿದೆ."

"ಅಲ್ಲಿ ಬೇರೆಯವರ ಬಾಗಿಲಲ್ಲಿ ಒಂದು, ಇಲ್ಲಿ ನನ್ನೆದುರು ಇನ್ನೊಂದು. ನಂಗೆ ಬೇಜಾರಿಲ್ಲ. ನಿಜ ಬೇಕು ಅಷ್ಟೆ."

"ಇದೇ ನಿಜ."

"ಕನಿಕರ ಬೇಡ ಮಾರಾಯ್ರೆ," ಅಂದಳು ಒತೀಲಿಯಾ.

ಆಮೇಲೆ ಅವಳು ಅಪರೂಪಕ್ಕೆ ಬಾಯಿ ಬಿಟ್ಟು ಮಾತಾಡಿದಳು. ದ್ರಾಕ್ಷಿ ಯಾವತ್ತು ಕೊಯ್ಯಬೇಕೆಂದು ಪ್ರತಿ ವರ್ಷ ಹೇಳುತ್ತಿದ್ದದ್ದು ಅವಳ ಗಂಡ, ಅವನು ಹೋದ ಮೇಲೆ ಗಂಡನ ಅಣ್ಣ. ಈ ವರ್ಷ ಬಿಸಿಗಾಳಿ ನಿಂತ ಮೇಲೆ ಭಾವ ಇನ್ನೂ ಎಂಟು ದಿನ ಕಾಯಬೇಕೆಂದಿದ್ದ. ಇವಳು ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು, ಇವತ್ತೇ ಅನ್ನಿಸಿತು. ಯಾರನ್ನೂ ಕೇಳದೆ ಕೊಯ್ಯಿಸಿಬಿಟ್ಟಳು. ತೋಟಕ್ಕೆ ಬಂದ ಇಪ್ಪತ್ತಾರು ವರ್ಷದಲ್ಲಿ ಅವಳು ತಾನೇ ತೆಗೆದುಕೊಂಡ ಮೊದಲ ತೀರ್ಮಾನ ಅದು.

"ಪೀಪಾಯಿ ತೆಗ್ದು ಕುಡ್ದಾಗ ಗೆದ್ದೆ ಅಂದ್ಕೊಂಡೆ. ಈಗ್ಲೂ ಕುಡೀತೀನಿ, ಈಗ್ಲೂ ನಂಗೆ ಚೆನ್ನಾಗೇ ಇದೆ ಅನ್ಸತ್ತೆ. ಅಂದ್ರೆ ಏನರ್ಥ? ನನ್ನ ನಾಲಿಗೆ ಸತ್ತಿದೆ ಅಂತ. ತನ್ನ ವೈನು ತನಗೇ ಗೊತ್ತಾಗದೋಳು ಬಳ್ಳಿ ಇಟ್ಕೊಂಡು ಏನ್ ಮಾಡ್ಬೇಕು? ಚಾನೊ ನಾಲ್ಕು ವರ್ಷದಿಂದ ತೋಟ ಕೇಳ್ತಿದ್ದಾನೆ, ಗುತ್ತಿಗೆಗೆ. ಭಾನುವಾರ ಬಾ ಅಂದಿದೀನಿ. ಕೊಟ್ಬಿಡ್ತೀನಿ."

ಚಾನೊ ತೋಟ ತೆಗೆದುಕೊಂಡರೆ ಮೊದಲು ಮಾಡುವ ಕೆಲಸವೇನೆಂದು ಕಣಿವೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿದ್ದವು ಹೆಣೆದ ಬಳ್ಳಿಗಳು. ಒಂದೊಂದು ಬಳ್ಳಿಯ ಕೊಂಬೆಗಳನ್ನು ವರ್ಷ ವರ್ಷ ಜಡೆಯ ಹಾಗೆ ಹೆಣೆದು, ಬಾಳೆಯ ನಾರಿನಲ್ಲಿ ಕಟ್ಟಿ, ನೂರು ವರ್ಷದಲ್ಲಿ ಹನ್ನೆರಡು ಹದಿನೈದು ಮೀಟರ್ ಉದ್ದ ಬೆಳೆಸಿದ್ದು. ಅದನ್ನು ನೋಡಿಕೊಳ್ಳುವುದು ರೇಜಿಗೆ. ಚಾನೊ ಅದನ್ನೆಲ್ಲ ಬುಡಸಮೇತ ಕಿತ್ತು ಕಂಬ ನೆಟ್ಟು ತಂತಿ ಎಳೆಯುತ್ತಾನೆ.

ಫೆರ್ಮಿನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ವೈನು ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ ಎಂದು ಇನ್ನೆರಡು ಸಲ ಹೇಳಿದ. ಅವನು ಹೇಳಿದಷ್ಟೂ ಅವಳ ಮುಖ ಇನ್ನಷ್ಟು ಇಳಿಯಿತು. ನೀವು ಒಳ್ಳೆಯವರು ಎಂದು ಹೇಳಿ ಅವಳು ಎದ್ದು ಹೋದಳು.

ಅವನು ಎಂಥ ಬಲೆಯಲ್ಲಿ ಬಿದ್ದಿದ್ದನೆಂದರೆ, ಜೀವಮಾನದಲ್ಲಿ ಆಡಿದ ಒಂದೇ ಸುಳ್ಳನ್ನು ಊರೆಲ್ಲ ಕಣ್ಣು ಮುಚ್ಚಿ ನಂಬಿತ್ತು, ಈಗ ನಿಜ ಹೇಳಿದರೆ ಕೇಳುವವರೇ ಇಲ್ಲ. ಶುಕ್ರವಾರ, ಶನಿವಾರ ಎರಡೂ ದಿನ ಬಾಗಿಲಿಂದ ಬಾಗಿಲಿಗೆ ಹೋಗಿ, ಒತೀಲಿಯಾಳ ವೈನು ಈ ವರ್ಷ ಕಣಿವೆಯಲ್ಲೇ ಮೊದಲು ಎಂದು ಹೇಳಿ ನೋಡಿದ. ಹೆಂಗಸರು ತಲೆದೂಗಿದರು. ಪಾಪ, ವಿಧವೆಯ ಅಂಗಡಿ ಖಾಲಿ ಇದೆಯೆಂದು ನಿಮ್ಮ ಮನಸ್ಸು ಕರಗಿತಲ್ಲ, ನಿಮ್ಮದು ಬೆಣ್ಣೆಯಂಥ ಮನಸ್ಸು ಎಂದರು. ಒಬ್ಬಾಕೆ ಕಣ್ಣು ಕೂಡ ಒರೆಸಿಕೊಂಡಳು. ಯಾರೊಬ್ಬರೂ ಗ್ಯಾರೇಜಿನ ಕಡೆ ಹೊರಳಲಿಲ್ಲ. ಯಾಕೆ ಸುಳ್ಳು ಹೇಳಿದೆ ಎಂದು ಹೇಳದೆ ಸುಳ್ಳು ಹೇಳಿದೆ ಎಂದರೆ ಯಾರೂ ನಂಬುವುದಿಲ್ಲ, ಇದು ಅವನಿಗೆ ಶನಿವಾರ ಸಂಜೆಯ ಹೊತ್ತಿಗೆ ಖಚಿತವಾಯಿತು. ಯಾಕೆಂದು ಹೇಳುವುದಕ್ಕಿಂತ ಲಾರಿಯನ್ನು ಕಂದಕಕ್ಕೆ ಇಳಿಸುವುದು ಸುಲಭ ಎಂದೂ ಅನ್ನಿಸಿತು.

ಭಾನುವಾರ ಪ್ರಾರ್ಥನೆ ಮುಗಿಸಿ ಚಾನೊ ಕ್ಷೌರ ಮಾಡಿಸಿಕೊಂಡ ಮುಖದಲ್ಲಿ ಒತೀಲಿಯಾಳ ಗ್ಯಾರೇಜಿಗೆ ಬಂದ. ತೋಟ ಕೈ ಬದಲಾಗುವುದನ್ನು ನೋಡಲು ಹತ್ತು ಹನ್ನೆರಡು ಜನ ಹಿಂದೆಯೇ ಬಂದರು. ಇಂಥದ್ದಕ್ಕೆ ನಮ್ಮವರನ್ನು ಕರೆಯಬೇಕಾಗಿಲ್ಲ. ಒತೀಲಿಯಾ ಎಲ್ಲರಿಗೂ ಲೋಟ ಇಟ್ಟಳು, ಎಲ್ಲರೂ ಕುಡಿದು ಮುಖ ಕಿವುಚಿದರು. ಮಾರ್ಸಿಯಾನಾ ಮಾತ್ರ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ಕೂತಿದ್ದಳು. ಅವಳ ಮಾವನ ಕಾಲದ ಬಳ್ಳಿಗಳು ಅವು.

ಅಷ್ಟರಲ್ಲಿ ಹೊರಗೆ ಲಾರಿಯ ಸದ್ದಾಯಿತು. ಭಾನುವಾರ ಗ್ಯಾಸ್ ಇಲ್ಲ, ಎಲ್ಲರೂ ತಿರುಗಿ ನೋಡಿದರು. ಫೆರ್ಮಿನ್ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಏನೂ ಇಲ್ಲದ್ದರಿಂದ ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಚಾನೊ, ಒಂದ್ನಿಮಿಷ ಇರು," ಅಂದ. "ನಾನು ಸುಳ್ಳು ಹೇಳಿದ್ದೆ. ಈ ವೈನು ಅಡುಗೆಗಾಗೋ ವೈನಲ್ಲ. ಇಂಥದ್ದು ನಾನು ಇದುವರೆಗೂ ಕುಡ್ದಿಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಬೆಣ್ಣೆಯಂಥ ಮನಸ್ಸು ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಒತೀಲಿಯಾ ಸುಸ್ತಾದ ದನಿಯಲ್ಲಿ ಸಾಕು ಬಿಡಿ ಫೆರ್ಮಿನ್ ಎಂದಳು.

"ಬಿಡಲ್ಲ," ಅಂದ ಫೆರ್ಮಿನ್. ಬೆವರು ಕಣ್ಣಿಗಿಳಿಯುತ್ತಿತ್ತು. "ಎರಡೇ ಪೀಪಾಯಿ ಇತ್ತು. ಚೆನ್ನಾಗಿದೆ ಅಂದ್ರೆ ಎಲ್ರೂ ಬಂದು ಹತ್ತು ದಿನದಲ್ಲಿ ಕುಡ್ದು ಮುಗಿಸ್ತಾರೆ. ಮುಗಿದ್ರೆ ನೀವು ಬಾಗಿಲು ಹಾಕ್ತೀರ. ಬಾಗಿಲು ಹಾಕಿದ್ರೆ ನಾನು ಇನ್ನು ಹತ್ತು ತಿಂಗಳು ನಿಮ್ಮನ್ನ ನೋಡೋ ಹಾಗಿಲ್ಲ. ಆರು ವರ್ಷ ಆಯ್ತು. ನಂಗೆ ನೀವು ಅಂದ್ರೆ ಇಷ್ಟ. ಅದಕ್ಕೆ ಸುಳ್ಳು ಹೇಳ್ದೆ."

ಮೊದಲು ಮಾತಾಡಿದವಳು ಮಾರ್ಸಿಯಾನಾ. ಕುರ್ಚಿಯನ್ನು ಈ ಕಡೆ ತಿರುಗಿಸಿಕೊಂಡು, "ಆರು ವರ್ಷ ಇವನು ಕಡಲೆಕಾಳಿಗೆ ಬರ್ತಾನೆ ಅಂದ್ಕೊಂಡು ನಾನು ದಿನಾ ಎರಡು ಚಮಚ ಜಾಸ್ತಿ ಹಾಕ್ತಿದ್ನಲ್ಲೋ," ಅಂದಳು.

ಯಾರೂ ನಗಲಿಲ್ಲ, ಯಾಕೆಂದರೆ ಒತೀಲಿಯಾ ಪೀಪಾಯಿಯ ಹತ್ತಿರ ಹೋಗಿದ್ದಳು. ಒಂದು ಲೋಟ ಬಿಟ್ಟುಕೊಂಡು, ಎಲ್ಲರಿಗೂ ಬೆನ್ನು ಮಾಡಿ, ನಿಧಾನವಾಗಿ ಕುಡಿದಳು. ಪೂರಾ ಕುಡಿದಳು. ತಿರುಗಿದಾಗ ಕಣ್ಣು ತುಂಬಿತ್ತು, ಆದರೆ ಆ ನೀರು ಫೆರ್ಮಿನ್‌ಗಾಗಿ ಅಲ್ಲ.

"ಅತ್ತೆ, ನನ್ನ ನಾಲಿಗೆ ಸರಿ ಇದೆ," ಅಂದಳು. "ನಾನು ಸರಿಯಾದ ದಿನವೇ ಕೊಯ್ಸಿದ್ದೆ."

"ನಾನು ಅವತ್ತೇ ಹೇಳ್ಲಿಲ್ವಾ," ಅಂದಳು ಅತ್ತೆ. ಅವತ್ತು ಅವಳು ಹೇಳಿರಲಿಲ್ಲ, ಭಾವನ ಪರವಾಗಿ ಎರಡು ದಿನ ಜಗಳಾಡಿದ್ದಳು. ಆದರೆ ಅದನ್ನು ನೆನಪಿಸುವ ಹೊತ್ತು ಅದಲ್ಲ.

ಒತೀಲಿಯಾ ಚಾನೊನ ಕಡೆ ನೋಡಿ ತೋಟ ಕೊಡುವುದಿಲ್ಲ ಎಂದಳು. ಚಾನೊ ಭುಜ ಕುಣಿಸಿದ. ತನ್ನ ಲೋಟವನ್ನು ಇನ್ನೊಮ್ಮೆ ಮೂಸಿ, ಕುಡಿದು, ಚಪ್ಪರಿಸಿ, ಹಾಗಾದರೆ ಇನ್ನೊಂದು ಅರ್ಧ ಲೀಟರ್ ಕೊಡು, ತನಗೂ ಮೊದಲಿನಿಂದಲೂ ಚೆನ್ನಾಗೇ ಇದೆಯಲ್ಲ ಅನ್ನಿಸುತ್ತಿತ್ತು ಎಂದ. ಮುಖ ಕಿವುಚಿದ್ದವರೆಲ್ಲರಿಗೂ ಆಗ ಒಟ್ಟಿಗೆ ಅದೇ ಅನ್ನಿಸಿತು. ಲೋಟಗಳು ಮುಂದೆ ಬಂದವು.

ಅವಳು ಆಗ ಫೆರ್ಮಿನ್ ಹತ್ತಿರ ಬಂದಳು.

"ಎರಡು ವಾರ," ಅಂದಳು. "ಎರಡು ವಾರ ನಾನು ನನ್ನ ಬಾಯನ್ನೇ ನಂಬಲಿಲ್ಲ. ಸಾರಿನ ಉಪ್ಪು ಸರಿ ಇದೆಯಾ ಅಂತ ಅತ್ತೆ ಹತ್ರ ಕೇಳ್ಕೊಂಡು ಅಡುಗೆ ಮಾಡಿದೀನಿ. ಬಳ್ಳೀನೇ ಕೊಟ್ಬಿಡ್ತಿದ್ದೆ. ನಡಿ ಇಲ್ಲಿಂದ. ಈ ವೈನು ಮುಗಿಯೋ ತನಕ ಈ ಬಾಗಿಲಿಗೆ ಬರ್ಬೇಡ. ಒಂದು ಹನಿ ಸಿಗಲ್ಲ ನಿಂಗೆ."

ಫೆರ್ಮಿನ್ ಹೋದ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಅವನಿಗೆ ಅದು ಗೊತ್ತಿತ್ತು. ತನ್ನ ಪುಕ್ಕಲುತನಕ್ಕೆ ಅವಳ ಆತ್ಮವಿಶ್ವಾಸವನ್ನು ಬಲಿ ಕೊಟ್ಟಿದ್ದ. ಬೇರೆ ಯಾರಾದರೂ ಮಾಡಿದ್ದರೆ ಅವರ ಮನೆಗೆ ಅವನು ಸಿಲಿಂಡರ್ ಹಾಕುತ್ತಿರಲಿಲ್ಲ.

ಮುಂದಿನ ದಿನಗಳಲ್ಲಿ ಒತೀಲಿಯಾಳ ಗ್ಯಾರೇಜಿನ ಮುಂದೆ ರಸ್ತೆಯ ಎರಡೂ ಬದಿಗೆ ಕಾರು. ವೈನಿನ ಆಸೆಗೆ ಬಂದವರು ಅರ್ಧ, ಫೆರ್ಮಿನ್ ಆರು ವರ್ಷ ಕೂತ ಮೇಜು ಯಾವುದೆಂದು ನೋಡಲು ಬಂದವರು ಅರ್ಧ. ಫೆರ್ಮಿನ್ ಮಾತ್ರ ಲಾರಿಯನ್ನು ಅಲ್ಲಿ ನಿಲ್ಲಿಸದೆ ದಾಟಿಸಿಕೊಂಡು ಹೋಗುತ್ತಿದ್ದ. ಬಾಗಿಲು ಬಾಗಿಲಲ್ಲೂ ಅವನಿಗೆ ಚುಚ್ಚುಮಾತು. ನಮ್ಮ ವೈನು ಕೆಟ್ಟದಾಗಿದೆ ಅಂದಿದ್ದಿರಲ್ಲ, ನಮ್ಮ ಮನೆಯಲ್ಲಿ ಯಾರ ಮೇಲೆ ಕಣ್ಣಿತ್ತು ಎಂದು ಕೇಳುತ್ತಿದ್ದರು. ಅಕ್ಕನ ಗಂಡನಂತೂ, ಎರಡು ವರ್ಷ ತನ್ನ ವೈನಿಗೆ ಸಿಕ್ಕ ತೀರ್ಪನ್ನು ರದ್ದು ಮಾಡಬೇಕೆಂದು ಪಟ್ಟು ಹಿಡಿದ. ಇಪ್ಪತ್ತೆಂಟು ವರ್ಷ ಕಾಪಾಡಿಕೊಂಡ ಹೆಸರು ಮಣ್ಣುಪಾಲಾಯಿತು. ವಿಚಿತ್ರವೆಂದರೆ ಅವನಿಗೆ ಅದರ ದುಃಖ ಅಷ್ಟಾಗಿ ಆಗಲಿಲ್ಲ. ದುಃಖವಾದದ್ದು ಜನವರಿ ಮೂರನೆಯ ತಾರೀಖು, ರಟ್ಟು ಕೆಳಗಿಳಿದದ್ದನ್ನು ನೋಡಿದಾಗ. ಹೇಳಬೇಕಾದ ಮಾತನ್ನು ಹೇಳಿಯಾಗಿದೆ, ಉತ್ತರ ಬಂದಿಲ್ಲ, ಬಾಗಿಲು ಬಿದ್ದಿದೆ.

ಎರಡು ವಾರ ಬಿಟ್ಟು ಆ ಮನೆಗೆ ಸಿಲಿಂಡರ್ ಬೇಕಾಯಿತು. ಬಾಗಿಲು ತೆರೆದವಳು ಮಾರ್ಸಿಯಾನಾ. ಅವನು ಸಿಲಿಂಡರನ್ನು ಒಳಗಿಟ್ಟು ತಲೆ ತಗ್ಗಿಸಿ ಹೊರಟಾಗ ಅವನ ತೋಳು ಹಿಡಿದು ನಿಲ್ಲಿಸಿದಳು.

"ಅವಳು ಇನ್ನೂ ಕೋಪದಲ್ಲಿದ್ದಾಳೆ," ಅಂದಳು.

"ಇರ್ಬೇಕಾದ್ದೇ, ದೊಡ್ಡಮ್ಮ."

"ಪೂರ್ತಿ ಕೇಳು. ನನ್ನ ಮಗ ಹೋದ ಮೇಲೆ ಅವಳು ನಕ್ಕಿದ್ದಿಲ್ಲ, ಅತ್ತಿದ್ದಿಲ್ಲ, ಯಾರ ಮೇಲೂ ಕೋಪ ಮಾಡ್ಕೊಂಡಿದ್ದಿಲ್ಲ. ಈಗ ಬೆಳಗೆದ್ದು ಬೈಯಕ್ಕೆ ಶುರು ಮಾಡ್ತಾಳೆ, ನಿನ್ನನ್ನೇ. ನಾನು ಕೂತು ಕೇಳ್ತೀನಿ, ಸಂತೋಷ ಆಗತ್ತೆ ನಂಗೆ. ನಾಳೆ ತೋಟದಲ್ಲಿರ್ತಾಳೆ. ಸಿಲಿಂಡರ್ ಹೊತ್ಕೊಂಡು ಬರ್ಬೇಡ. ಹೊತ್ಕೊಂಡು ಬಂದ್ರೆ ಅದನ್ನ ಇಳಿಸಿ ಓಡಿ ಹೋಗ್ತೀಯ, ನಂಗೊತ್ತು."

ಮಾರನೆಯ ದಿನ ಫೆರ್ಮಿನ್ ಲಾರಿಯನ್ನು ಮನೆಯಲ್ಲೇ ಬಿಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು, ಆ ಬೀದಿಯಲ್ಲಿ ಕೆಳಗಿನಿಂದ ಮೇಲಿನ ತನಕ ಕಾಲ್ನಡಿಗೆಯಲ್ಲಿ ಹೋದ. ಕೈಯಲ್ಲಿ ಏನೂ ಇರಲಿಲ್ಲ, ಹೇಳಿಕೊಳ್ಳಲು ಒಂದು ನೆಪವೂ ಇರಲಿಲ್ಲ. ಕಿಟಕಿಗಳ ಪರದೆ ಒಂದಾದ ಮೇಲೊಂದು ಸರಿದವು. ತೇಯ್ದೆ ಪರ್ವತದ ತಲೆಯ ಮೇಲೆ ಹಿಮ ಬಿದ್ದಿತ್ತು, ಕೆಳಗೆ ಸಮುದ್ರ ಬೆಳಗುತ್ತಿತ್ತು, ಅವನು ಎರಡನ್ನೂ ನೋಡಲಿಲ್ಲ.

ತೋಟದಲ್ಲಿ ಆಲೂಗೆಡ್ಡೆ ಹಾಕುವ ಕಾಲ. ಎಲೆ ಉದುರಿದ ಆ ಉದ್ದನೆಯ ಜಡೆಗಳನ್ನು ಕವೆಗೋಲಿನಿಂದ ಎತ್ತಿ ಬದಿಗೆ ಸರಿಸಿದರೆ ಮಾತ್ರ ನೆಲ ಬಿಡುವಾಗುತ್ತದೆ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಒಂದು ತುದಿ ಎತ್ತಿದರೆ ಇನ್ನೊಂದು ತುದಿ ಮುರಿಯುತ್ತದೆ. ಒತೀಲಿಯಾ ಕೂಲಿಯವರಿಗೆ ಕಾಯುತ್ತಾ, ಸೊಂಟದಲ್ಲಿ ಬಾಳೆನಾರು ಸಿಕ್ಕಿಸಿಕೊಂಡು, ಸಡಿಲವಾದ ಗಂಟುಗಳನ್ನು ಬಿಗಿಯುತ್ತಿದ್ದಳು. ಅವನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

"ಲಾರಿ ಎಲ್ಲಿ?"

"ಮನೇಲಿದೆ."

"ನಡ್ಕೊಂಡು ಬಂದ್ಯಾ? ಆ ಬೀದಿಯಲ್ಲಿ?"

"ಹೂಂ."

"ಯಾರಾದ್ರೂ ನೋಡಿದ್ರಾ?"

"ಯಾರು ನೋಡ್ಲಿಲ್ಲ ಅಂತ ಕೇಳು. ಪಾದ್ರಿಗಳು ಟೋಪಿ ತೆಗೆದ್ರು."

ಅವಳು ಆ ಗಂಟನ್ನು ಬಿಗಿದು ಮುಗಿಸಿದಳು. ಆಮೇಲೆ ಸೊಂಟ ನೇರ ಮಾಡಿಕೊಂಡು ಅವನ ಕಡೆ ನೋಡಿದಳು.

"ಆ ತುದಿ ಹಿಡ್ಕೋ," ಅಂದಳು. "ಮೆಲ್ಲಗೆ. ಅದು ನಮ್ಮತ್ತೆಗಿಂತ ವಯಸ್ಸಾದ್ದು."

ಅವನು ಹಿಡಿದುಕೊಂಡ. ಇಪ್ಪತ್ತೆಂಟು ವರ್ಷ ಸಿಲಿಂಡರ್ ಹೊತ್ತ ಭುಜಕ್ಕೆ ಆ ಬಳ್ಳಿ ಭಾರವಲ್ಲ, ಆದರೂ ಎರಡೂ ಕೈ ಕೊಟ್ಟು ಎತ್ತಿದ. ಅವಳು ಒಂದು ಹೆಜ್ಜೆ ಇಟ್ಟರೆ ಅವನೂ ಒಂದು ಹೆಜ್ಜೆ. ಹನ್ನೆರಡು ಮೀಟರ್ ದೂರದಲ್ಲಿ ಅವಳು, ನಡುವೆ ಆ ಹಳೆಯ ಜಡೆ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಬಳ್ಳಿ ಸರಿಸಿದರು. ಕೂಲಿಯವರು ಗೇಟಿನ ತನಕ ಬಂದು, ಇವರಿಬ್ಬರನ್ನು ನೋಡಿ, ಬುದ್ಧಿವಂತರಾದ್ದರಿಂದ ತಿರುಗಿ ಹೋದರು.

ಕಲ್ಲಿನ ಗೋಡೆಯ ಮೇಲೆ ಕೂತು ಅವಳು ಹುರಿಹಿಟ್ಟಿನ ಉಂಡೆ, ಒಣಗಿದ ಅಂಜೂರ ಬಿಚ್ಚಿದಳು. ಚೀಲದ ತಳದಿಂದ ಒಂದು ಸಣ್ಣ ಬಾಟಲಿ ತೆಗೆದಳು. ಪೀಪಾಯಿ ಬರಿದಾಗುವ ಮುಂಚೆ ಎತ್ತಿಟ್ಟದ್ದು ಎಂದಷ್ಟೇ ಹೇಳಿದಳು, ಯಾರಿಗೆಂದು ಹೇಳಲಿಲ್ಲ. ಅವನು ಕುಡಿದ. ಒಂದೂವರೆ ತಿಂಗಳಲ್ಲಿ ಆ ವೈನು ಇನ್ನಷ್ಟು ಪಳಗಿತ್ತು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

"ಮುಂದಿನ ವರ್ಷ ನನ್ನ ವೈನು ಹೇಗಿದೆ ಅಂತ ಊರವರು ಕೇಳ್ತಾರಲ್ಲ," ಅಂದಳು ಒತೀಲಿಯಾ. "ಏನಂತೀಯ?"

ಫೆರ್ಮಿನ್ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದ.

"ನಾನು ಏನಂದ್ರೂ ಇನ್ಮೇಲೆ ಪ್ರಯೋಜನ ಇಲ್ಲ," ಅಂದ. "ತನ್ನ ವೈನು ತಾನೇ ಹೊಗಳ್ತಾನೆ ಅಂತಾರೆ."

ಮಾತು ಬಾಯಿಂದ ಬಿದ್ದ ಮೇಲೆ ತಾನು ಏನಂದೆ ಎಂಬುದು ಅವನಿಗೆ ಹೊಳೆಯಿತು. ಕಿವಿ ಕೆಂಪಾಗಿ, ಹಾಗಲ್ಲ, ತಾನು ಹೇಳಲು ಹೊರಟದ್ದು ಬೇರೆ ಎಂದು ತೊದಲತೊಡಗಿದ.

"ಅಂದ್ಕೊಳ್ಲಿ ಬಿಡು," ಅಂದಳು ಒತೀಲಿಯಾ, ಮತ್ತು ಬಾಟಲಿಯನ್ನು ಅವನ ಕೈಯಿಂದ ತೆಗೆದುಕೊಂಡು ತಾನೂ ಒಂದು ಗುಟುಕು ಕುಡಿದಳು.